ಬೆಳ್ಳಿತೆರೆಯ ಮೇಲೆ ನಾಡಿನ ದುಗುಡ

ಚಲನಚಿತ್ರವೆಂದೊಡನೆ ಹಾಡು, ಕುಣಿತ, ಹೊಡೆದಾಟಗಳನ್ನು ನೆನೆದು ಅದನ್ನು ಕಾಲಹರಣದ ಸಾಧನವೆಂದು ಬದಿಗೊತ್ತುವ ವಾಡಿಕೆ ವಿದ್ಯಾವಂತರಲ್ಲಿ ಹಿಂದಿನಿಂದಲೂ ಇದೆ. ಹುಡುಗ ಸಿನಿಮಾಕ್ಕೆ ಹೋದನೆಂದರೆ ಕೆಟ್ಟನೆಂದೇ ಹಿರಿಯರು ಭಾವಿಸುತ್ತಿದ್ದ ಕಾಲವೂ ಒಂದಿತ್ತು. ಆ ಎಚ್ಚರಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಂದು ನಾಡಿನ ಜನ ಯಾವ ಕಾಲದಲ್ಲಿ ಯಾವುದಕ್ಕೆ ಅಂಜಿದರು, ಆ ಅಂಜಿಕೆಯಿಂದ ಬಿಡುಗಡೆಯನ್ನು ಎಲ್ಲಿ ಅರಸಿದರು ಎಂಬುದನ್ನು ಅರಿಯಬಯಸುವವರು ಕಂದಾಯದ ದಾಖಲೆಗಳನ್ನೂ ಶಾಸನಸಭೆಯ ನಡವಳಿಗಳನ್ನೂ ತಿರುವಿ ಹಾಕಿದರೆ ಸಾಲದು. ಆ ಕಾಲದಲ್ಲಿ ಜನ ಮುಗಿಬಿದ್ದು ನೋಡಿದ ಚಿತ್ರಗಳನ್ನೂ, ನೋಡಲು ಹಿಂಜರಿದ ಚಿತ್ರಗಳನ್ನೂ ಪರಿಶೀಲಿಸಬೇಕಾಗುತ್ತದೆ.

ಚಿತ್ರಗಳು ಸಮಾಜದ ಕನ್ನಡಿಯೆಂಬ ಮಾತು ಬಹಳ ಹಳೆಯದು. ಅದರ ಕಥಾವಸ್ತುವನ್ನು ಕಂಡು ನಾವು ಅಷ್ಟಕ್ಕೇ ತೃಪ್ತರಾಗುತ್ತೇವೆ. ಬರದ ಕಥೆಯಿದ್ದರೆ ಬರದ ಚಿತ್ರವೆನ್ನುತ್ತೇವೆ, ಸಾಲದ ಕಥೆಯಿದ್ದರೆ ಸಾಲದ ಚಿತ್ರವೆನ್ನುತ್ತೇವೆ. ಸಮಾಜದ ಆತಂಕ ನಿಜವಾಗಿ ಬಯಲಾಗುವ ಸ್ಥಳ ಚಿತ್ರದ ಮುಕ್ತಾಯ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ತೆರೆಯ ಮೇಲೆ ಎದ್ದ ಭಯವನ್ನು ಕೊನೆಗೆ ಯಾರು ನಿವಾರಿಸಿದರು, ಏನನ್ನು ತೆತ್ತು ನಿವಾರಿಸಿದರು, ಅಥವಾ ನಿವಾರಿಸದೆಯೇ ಪ್ರೇಕ್ಷಕನನ್ನು ಮನೆಗೆ ಕಳುಹಿಸಿದರೆ ಎಂದು ಕೇಳಿದಾಗ, ಆ ಕಾಲದ ಜನ ಯಾವುದರಲ್ಲಿ ನಂಬಿಕೆಯಿಟ್ಟಿದ್ದರು, ಯಾವುದರಲ್ಲಿ ನಂಬಿಕೆ ಕಳೆದುಕೊಂಡಿದ್ದರು ಎಂಬುದು ಗೋಚರಿಸುತ್ತದೆ.

ಭಯವು ಚಿತ್ರವಾಗುವ ಬಗೆ

ಕಾವ್ಯವನ್ನು ಒಬ್ಬ ಕವಿ ಏಕಾಂತದಲ್ಲಿ ಬರೆಯಬಹುದು. ಚಲನಚಿತ್ರ ಹಾಗಲ್ಲ. ಕಥೆಗಾರ, ನಿರ್ದೇಶಕ, ಛಾಯಾಗ್ರಾಹಕ, ನಟರು, ಹಣ ಹೂಡುವ ನಿರ್ಮಾಪಕ, ಊರೂರಿಗೆ ಹಂಚುವ ವಿತರಕ ಇವರೆಲ್ಲರ ಕೈದಾಟಿ ಅದು ತೆರೆಗೆ ಬರುತ್ತದೆ. ಹೂಡಿದ ಹಣ ಹಿಂದಿರುಗಬೇಕಾದರೆ ಸಾವಿರಾರು ಅಪರಿಚಿತರು ಟಿಕೆಟ್ಟು ಕೊಳ್ಳಬೇಕು. ಆದುದರಿಂದ ಚಿತ್ರವನ್ನು ತಯಾರಿಸುವವರು ಜನರ ಮನಸ್ಸಿನಲ್ಲಿ ಆಗಲೇ ಇರುವುದನ್ನು ಊಹಿಸುತ್ತಲೇ ಇರುತ್ತಾರೆ. ಈ ಊಹೆ ಸರಿಯಾದಾಗ, ಯಾರೊಬ್ಬರೂ ಬಾಯಿಬಿಟ್ಟು ಹೇಳದಿದ್ದ ಕಳವಳವೊಂದು ಕತ್ತಲೆಯಲ್ಲಿ ಕುಳಿತ ನೂರಾರು ಜನರ ಕಣ್ಣೆದುರು ರೂಪ ತಳೆದು ನಿಲ್ಲುತ್ತದೆ. ನನಗೊಬ್ಬನಿಗೇ ಇದೆಯೆಂದುಕೊಂಡಿದ್ದ ಭಯ ಎಲ್ಲರಿಗೂ ಇದೆಯೆಂಬ ಅರಿವೇ ಒಂದು ಬಗೆಯ ಸಮಾಧಾನ.

ಈ ವಿಷಯವನ್ನು ಮೊದಲು ವಿಸ್ತಾರವಾಗಿ ವಿವೇಚಿಸಿದವರಲ್ಲಿ ಜರ್ಮನಿಯ ವಿಮರ್ಶಕ ಸೀಗ್‌ಫ್ರೀಡ್ ಕ್ರಾಕೌರ್ ಒಬ್ಬನು. ಮೊದಲನೆಯ ಮಹಾಯುದ್ಧದಲ್ಲಿ ಸೋತು, ಹಣದ ಬೆಲೆ ಕುಸಿದು, ಅರಾಜಕತೆ ಕವಿದಿದ್ದ ಜರ್ಮನಿಯಲ್ಲಿ 1920ರಲ್ಲಿ 'ಡಾಕ್ಟರ್ ಕ್ಯಾಲಿಗರಿಯ ಪೆಟ್ಟಿಗೆ' ಎಂಬ ಮೂಕಿಚಿತ್ರ ತೆರೆಕಂಡಿತು. ವಶೀಕರಣ ಬಲ್ಲ ವೈದ್ಯನೊಬ್ಬ ನಿದ್ರೆಯಲ್ಲಿ ನಡೆಯುವವನ ಕೈಯಿಂದ ಕೊಲೆ ಮಾಡಿಸುವ ಕಥೆ ಅದು. ಇಂಥ ಚಿತ್ರಗಳಲ್ಲಿ ಸರ್ವಾಧಿಕಾರಕ್ಕೆ ಶರಣಾಗಲು ಸಿದ್ಧವಾಗುತ್ತಿದ್ದ ಸಮಾಜದ ಮನಸ್ಸು ಹಿಟ್ಲರನಿಗಿಂತ ಮುಂಚೆಯೇ ಕಾಣಿಸಿಕೊಂಡಿತ್ತೆಂದು ಕ್ರಾಕೌರ್ 1947ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ನಡೆದುಹೋದುದನ್ನು ತಿಳಿದ ಮೇಲೆ ಹಿಂದಿನ ಚಿತ್ರಗಳಲ್ಲಿ ಭವಿಷ್ಯವನ್ನು ಕಾಣುವುದು ಸುಲಭವೆಂಬ ಆಕ್ಷೇಪಣೆ ಈ ವಾದಕ್ಕೆ ಬಂದಿದೆ. ಅದು ಸಾಧುವಾದ ಆಕ್ಷೇಪಣೆಯೇ. ಆದರೂ ಅವನು ತೋರಿಸಿದ ದಾರಿಯನ್ನು ಅಲ್ಲಗಳೆಯುವಂತಿಲ್ಲ.

ಜಪಾನಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1954ರ ಮಾರ್ಚಿಯಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಜಪಾನಿ ಮೀನುಗಾರರ ದೋಣಿಯೊಂದರ ಮೇಲೆ ವಿಕಿರಣದ ಬೂದಿ ಸುರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬಾಂಬಿನ ಪರೀಕ್ಷೆಯಿಂದ ಕೆರಳಿ ಸಮುದ್ರದಿಂದೇಳುವ 'ಗಾಡ್ಜಿಲ್ಲಾ' ಎಂಬ ದೈತ್ಯಪ್ರಾಣಿ ತೆರೆಯ ಮೇಲೆ ಟೋಕಿಯೋ ನಗರವನ್ನು ತುಳಿಯಿತು. ಹಿರೋಷಿಮಾ, ನಾಗಸಾಕಿಗಳನ್ನು ಕಂಡ ಜನಕ್ಕೆ ಅದು ಮಕ್ಕಳ ಕಥೆಯಾಗಿರಲಿಲ್ಲ. ಇಟಲಿಯಲ್ಲಿ 1948ರ 'ಬೈಸಿಕಲ್ ಕಳ್ಳರು' ಚಿತ್ರಕ್ಕೆ ದೈತ್ಯನೂ ಬೇಕಾಗಲಿಲ್ಲ. ಕೂಲಿಗೆ ಹೋಗಲು ಇದ್ದ ಒಂದೇ ಸೈಕಲ್ ಕಳುವಾಯಿತೆಂಬ ಸಂಗತಿಯಿಂದಲೇ ಯುದ್ಧಾನಂತರದ ನಿರುದ್ಯೋಗದ ದಿಗಿಲು ಲೋಕಕ್ಕೆ ತಿಳಿಯಿತು.

ಮೂರು ಊರುಗಳು, ಹಲವು ಆತಂಕಗಳು

ದೂರದ ಮಾತು ಸಾಕು. ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಸೀಮೆಯನ್ನೇ ನೋಡೋಣ. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತಿದ್ದರೆ, ಅದರ ಮರೆಯಲ್ಲಿರುವ ಕಡೂರಿನ ಬಯಲು ಮುಗಿಲು ನೋಡುತ್ತ ಕುಳಿತಿರುತ್ತದೆ. ತರೀಕೆರೆ ಮಲೆನಾಡಿನ ಹೊಸ್ತಿಲು. ಅಡಕೆ ತೋಟಗಳೂ ಕಾಡೂ ಅದಕ್ಕೆ ಒಂದು ಕಡೆ, ಬಯಲು ಇನ್ನೊಂದು ಕಡೆ. ಅಮೃತ ಮಹಲ್ ರಾಸುಗಳ ಸಂವರ್ಧನ ಕೇಂದ್ರದಿಂದ ಹೆಸರಾದ, ಈಚೆಗೆ ಪ್ರತ್ಯೇಕ ತಾಲ್ಲೂಕೂ ಆದ ಅಜ್ಜಂಪುರದ ರೈತ ಮಳೆಯನ್ನೂ ಈರುಳ್ಳಿಯ ಧಾರಣೆಯನ್ನೂ ಏಕಕಾಲದಲ್ಲಿ ಚಿಂತಿಸಬೇಕು. ಹೀಗೆ ಒಂದು ಬಸ್ಸಿನ ದಾರಿಯೊಳಗೆ ನೀರಿಲ್ಲದ ಭಯವೂ ನೀರು ಹೆಚ್ಚಾಗಿ ಮುಳುಗುವ ಭಯವೂ ಇರುವ ಸೀಮೆ ಇದು.

ಇಂಥ ಊರುಗಳಿಗೆ ಚಿತ್ರಗಳು ಬಂದುದು ಬಹುಮಟ್ಟಿಗೆ ಟೂರಿಂಗ್ ಟಾಕೀಸುಗಳ ಮೂಲಕ. ಟೆಂಟಿನಲ್ಲಿ ಕತ್ತಲಾದ ಮೇಲೆಯೇ ಆಟ. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆಗಳು. ಒಂದೇ ಯಂತ್ರವಾದುದರಿಂದ ರೀಲು ಬದಲಿಸುವಾಗಲೆಲ್ಲ ವಿರಾಮ. ಆ ವಿರಾಮಗಳಲ್ಲಿ ನೆಲದ ಮೇಲೆ ಕುಳಿತವರು ಕಥೆಯನ್ನು ತಮ್ಮೂರಿನ ಗೌಡರಿಗೋ ಶಾನುಭೋಗರಿಗೋ ಹೋಲಿಸಿ ಮಾತನಾಡಿಕೊಳ್ಳುತ್ತಿದ್ದರು. ಚಿತ್ರವನ್ನು ಹತ್ತಾರು ಹಳ್ಳಿಯ ಜನ ಒಟ್ಟಿಗೆ ಕುಳಿತು ನೋಡಿ, ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಮರಳುವಾಗ ಚರ್ಚಿಸುತ್ತಿದ್ದ ಆ ಕ್ರಮವನ್ನು ಮರೆತರೆ, ಮುಂದೆ ಹೇಳಲಿರುವ ಚಿತ್ರಗಳ ಪರಿಣಾಮ ನಮಗೆ ಅರ್ಥವಾಗುವುದಿಲ್ಲ.

ಭೂಮಿ ಮತ್ತು ಸಾಲ

1960ರ ದಶಕದ ನಡುವೆ ದೇಶದಲ್ಲಿ ಆಹಾರದ ಅಭಾವ ತೀವ್ರವಾಗಿತ್ತು. ವಿದೇಶದ ಗೋಧಿಗೆ ಕೈಯೊಡ್ಡಿದ, ಪಡಿತರದ ಸಾಲಿನಲ್ಲಿ ನಿಂತ ಅವಮಾನವನ್ನು ಆ ತಲೆಮಾರು ಮರೆಯಲಿಲ್ಲ. ಓದಿದ ಮಕ್ಕಳು ಹಳ್ಳಿಯನ್ನು ತೊರೆಯುತ್ತಿದ್ದರು. ಅವಿಭಕ್ತ ಕುಟುಂಬಗಳು ಒಡೆಯುತ್ತಿದ್ದವು. ಈ ಹಿನ್ನೆಲೆಯಲ್ಲಿ 1972ರಲ್ಲಿ ಬಂದ ಚಿತ್ರ 'ಬಂಗಾರದ ಮನುಷ್ಯ'. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ನಿರ್ದೇಶಿಸಿದರು. ರಾಜಕುಮಾರ್ ಅವರು ರಾಜೀವನ ಪಾತ್ರದಲ್ಲಿ, ದಿಕ್ಕಿಲ್ಲದ ಅಕ್ಕನ ಸಂಸಾರಕ್ಕೆ ಆಸರೆಯಾಗಿ ಬಂಜರು ನೆಲವನ್ನು ಹಸಿರುಗೊಳಿಸಿದರು. ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಅದು ಎರಡು ವರ್ಷ ನಡೆಯಿತು. ಅದನ್ನು ನೋಡಿ ಓದಿದ ತರುಣರು ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಆದರೆ ಈ ಚಿತ್ರದ ಮುಕ್ತಾಯವನ್ನು ಎಷ್ಟು ಜನ ಯೋಚಿಸಿದ್ದಾರೆ? ನೆಲ ಹಸನಾಯಿತು, ಮನೆ ತುಂಬಿತು, ಮಕ್ಕಳು ಬೆಳೆದರು. ಅನಂತರ ಆ ಮನೆಯವರದೇ ಸಂಶಯದ ಮಾತಿಗೆ ನೊಂದು ರಾಜೀವ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಬರಡು ನೆಲದ ಭಯವನ್ನು ದುಡಿಮೆ ಗೆದ್ದಿತು. ಒಡೆಯುವ ಮನೆಯ ಭಯವನ್ನು ಗೆಲ್ಲುವ ದಾರಿ ಚಿತ್ರಕ್ಕೂ ತೋಚಲಿಲ್ಲ, ಪ್ರೇಕ್ಷಕನಿಗೂ ತೋಚಿರಲಿಲ್ಲ. ಆದುದರಿಂದಲೇ ಆ ಅಗಲಿಕೆಗೆ ಜನ ಅಷ್ಟೊಂದು ಕಣ್ಣೀರು ಸುರಿಸಿದರು. ಸಂಪತ್ತು ಬಂದ ಮೇಲೆ ಸಂಬಂಧ ಉಳಿಯುವುದೇ ಎಂಬ ಪ್ರಶ್ನೆ ಹಸಿರು ಕ್ರಾಂತಿಯ ಹೊಸ್ತಿಲಲ್ಲಿದ್ದ ಪ್ರತಿಯೊಂದು ರೈತ ಕುಟುಂಬದ ಪ್ರಶ್ನೆಯಾಗಿತ್ತು.

ಅದೇ ನಿರ್ದೇಶಕರ 'ಭೂತಯ್ಯನ ಮಗ ಅಯ್ಯು' 1974ರಲ್ಲಿ ತೆರೆಕಂಡಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ ಈ ಚಿತ್ರದ ಹಳ್ಳಿ ನಮ್ಮದೇ ಜಿಲ್ಲೆಯ ಕಳಸಾಪುರ. ಅದರ ಚಿತ್ರೀಕರಣ ನಡೆದುದು ಅಲ್ಲಿ. ಸಾಲ ಕೊಟ್ಟು ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣ ಹೊರಲು ಯಾರೂ ಬರುವುದಿಲ್ಲ. ತಂದೆಯ ದ್ವೇಷ ಮಗ ಅಯ್ಯುವಿಗೂ ಗುಳ್ಳನಿಗೂ ಆಸ್ತಿಯಂತೆ ಹರಿದುಬರುತ್ತದೆ. ಕೋರ್ಟು ಕಚೇರಿಗಳಲ್ಲಿ ಇಬ್ಬರ ಮನೆಯೂ ಬರಿದಾಗುತ್ತದೆ. ಈ ಚಿತ್ರ ಬಂದ ವರ್ಷವನ್ನು ಗಮನಿಸಬೇಕು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ ಶಾಸನ ಜಾರಿಗೆ ಬಂದುದು 1974ರ ಮಾರ್ಚಿ 1ರಂದು. ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ಕೊಡಲು ತಾಲ್ಲೂಕುಗಳಲ್ಲಿ ನ್ಯಾಯಮಂಡಲಿಗಳು ರಚನೆಯಾದವು. ಒಡೆಯನಿಗೆ ಜಮೀನು ಕೈತಪ್ಪುವ ಭಯ. ಒಕ್ಕಲಿಗೆ ಅರ್ಜಿ ಹಾಕಿದರೆ ಧಣಿಯ ಕೋಪ, ಹಾಕದಿದ್ದರೆ ಜನ್ಮದ ಅವಕಾಶ ನಷ್ಟವೆಂಬ ಭಯ. ಒಂದೇ ಕೇರಿಯಲ್ಲಿ ಇಬ್ಬರೂ ಮುಖಾಮುಖಿಯಾಗಿ ಬಾಳಬೇಕಾಗಿತ್ತು.

ಚಿತ್ರದಲ್ಲಿ ಈ ಬಿಕ್ಕಟ್ಟನ್ನು ಬಿಡಿಸಿದವರು ಯಾರು? ಕಾನೂನಲ್ಲ, ಪಂಚಾಯಿತಿಯಲ್ಲ, ಹೊಳೆಗೆ ಬಂದ ನೆರೆ. ನೆರೆಯಲ್ಲಿ ಕೊಚ್ಚಿಹೋಗಲಿದ್ದ ಅಯ್ಯುವಿನ ಮನೆಯವರನ್ನು ಗುಳ್ಳ ಕಾಪಾಡುತ್ತಾನೆ, ದ್ವೇಷ ನೀರಿನಲ್ಲಿ ತೊಳೆದುಹೋಗುತ್ತದೆ. ಮನುಷ್ಯರು ತಾವಾಗಿ ರಾಜಿಯಾಗುವರೆಂಬ ನಂಬಿಕೆ ಜನರಲ್ಲಿ ಎಷ್ಟು ಕ್ಷೀಣವಾಗಿತ್ತೆಂಬುದನ್ನೂ, ರಾಜಿಯಾಗಲಿ ಎಂಬ ಹಂಬಲ ಎಷ್ಟು ಗಾಢವಾಗಿತ್ತೆಂಬುದನ್ನೂ ಆ ನೆರೆ ಒಮ್ಮೆಲೇ ಹೇಳುತ್ತದೆ.

ಸಾಂತ್ವನ ನೀಡದ ಚಿತ್ರಗಳು

ಇದೇ ಕಾಲದಲ್ಲಿ, ಪ್ರೇಕ್ಷಕನಿಗೆ ಸಾಂತ್ವನ ಹೇಳಲೊಲ್ಲದ ಇನ್ನೊಂದು ಬಗೆಯ ಚಿತ್ರಗಳೂ ಕನ್ನಡದಲ್ಲಿ ಮೂಡಿದವು. 1970ರ 'ಸಂಸ್ಕಾರ' ಇವುಗಳಿಗೆ ನಾಂದಿಯಾಯಿತು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರವನ್ನು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರಿಸಲಾಯಿತು. ಪ್ಲೇಗಿನಿಂದ ಸತ್ತವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರ ತರ್ಕಿಸುತ್ತ ಕುಳಿತಿರುವಾಗ ಇಲಿಗಳು ಬಿದ್ದು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಇಳಿಯುತ್ತವೆ. ಸೆನ್ಸಾರ್ ಮಂಡಲಿ ಅದನ್ನು ಮೊದಲು ತಡೆಹಿಡಿದಿತ್ತು. ಅನಂತರ ಪ್ರದರ್ಶನಕ್ಕೆ ಅನುಮತಿ ದೊರೆತು, ಆ ವರ್ಷದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಪ್ಲೇಗಿನ ಭಯ 1970ರ ವೇಳೆಗೆ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿತ್ತು. ಜೀವಂತವಾಗಿದ್ದ ಭಯವೆಂದರೆ, ಪರಂಪರೆಯ ಗ್ರಂಥಗಳಲ್ಲಿ ಹೊಸ ಕಾಲದ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಗತಿಯೇನು ಎಂಬುದು. ಪ್ರಾಣೇಶಾಚಾರ್ಯರು ಕೊನೆಗೆ ಊರಿನತ್ತ ಹೊರಡುತ್ತಾರೆ; ಊರಿಗೆ ಹೋಗಿ ಏನು ಹೇಳುವರೆಂಬುದನ್ನು ಚಿತ್ರ ತಿಳಿಸುವುದಿಲ್ಲ. ಐವತ್ತು ವರ್ಷಗಳ ತರುವಾಯ, 2020ರಲ್ಲಿ ಕೊರೊನಾ ಹರಡಿ ಶವಸಂಸ್ಕಾರವೇ ದುಸ್ತರವಾದಾಗ, ಆ ಕಥೆಯ ಹಳೆಯ ಭಯವೂ ಮತ್ತೆ ಎಚ್ಚೆತ್ತುದನ್ನು ನಾವು ಕಂಡೆವು.

ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದ 'ಚೋಮನ ದುಡಿ'ಯ ಮಹತ್ವ ಇನ್ನೂ ಹೆಚ್ಚಿನದು. ಚೋಮನಿಗೆ ಇರುವುದು ಒಂದೇ ಆಸೆ: ತುಂಡು ನೆಲವನ್ನು ಸ್ವಂತಕ್ಕೆ ಉಳಬೇಕು. ಅವನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಅಸ್ಪೃಶ್ಯನೆಂಬ ಕಾರಣಕ್ಕೆ ನೆಲ ಮಾತ್ರ ದೊರೆಯುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ, ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಕೊನೆಗೆ ದುಡಿಯ ಸದ್ದಿನೊಡನೆ ಚೋಮನ ಬಾಳೂ ನಿಲ್ಲುತ್ತದೆ.

ನಲವತ್ತು ವರ್ಷ ಹಳೆಯದಾಗಿದ್ದ ಈ ಕಥೆ 1975ರಲ್ಲಿಯೇ ಚಿತ್ರವಾದುದಕ್ಕೆ ವಿಶೇಷ ಅರ್ಥವಿದೆ. ಹಿಂದಿನ ವರ್ಷ ಬಂದಿದ್ದ ಶಾಸನ ಗೇಣಿದಾರನಿಗೆ ಒಡೆತನ ಕೊಟ್ಟಿತು. ಚೋಮನಂಥವನು ಗೇಣಿದಾರನೂ ಆಗಿರಲಿಲ್ಲ, ಅವನು ಆಳು. ಗೇಣಿ ಚೀಟಿಯೇ ಇಲ್ಲದವನು ನ್ಯಾಯಮಂಡಲಿಯ ಮುಂದೆ ಏನನ್ನು ಹಾಜರುಪಡಿಸಬೇಕು? ಜೀತಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆ ಹೊರಟುದು ಅದೇ 1975ರ ಅಕ್ಟೋಬರಿನಲ್ಲಿ. ಉಳುವವನೇ ಹೊಲದೊಡೆಯನೆಂಬ ಘೋಷಣೆ ಮೊಳಗುತ್ತಿದ್ದಾಗ, ಉಳಲು ಅವಕಾಶವೇ ಇಲ್ಲದವನ ದುಡಿ ಆ ಘೋಷಣೆಯ ಕೆಳಗಿನಿಂದ ಕೇಳಿಸಿತು. ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೂ ಬಂದಿತು. ಎರಡು ವರ್ಷಗಳ ಅನಂತರ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಅದೇ ಮನ್ನಣೆ ಪಡೆಯಿತು. ಬಾಲವಿಧವೆ ಯಮುನಕ್ಕನನ್ನು ಬದುಕಿರುವಾಗಲೇ ಸತ್ತವಳೆಂದು ಸಾರುವ ಸಮಾಜವನ್ನು ಅದು ಪಾಠಶಾಲೆಯ ಎಳೆಯ ಹುಡುಗನ ಕಣ್ಣಿನಿಂದ ತೋರಿಸಿತು. ಆ ಹುಡುಗನಿಗೆ ಅವಳನ್ನು ಉಳಿಸುವ ಶಕ್ತಿಯಿಲ್ಲ, ಪ್ರೇಕ್ಷಕನಿಗೂ ಇಲ್ಲ. ಆ ಅಸಹಾಯಕತೆಯೇ ಚಿತ್ರದ ಮುಕ್ತಾಯ.

ತುರ್ತುಪರಿಸ್ಥಿತಿ ಮತ್ತು ಅನಂತರ

1975ರ ಜೂನ್ 25ರಿಂದ 1977ರ ಮಾರ್ಚಿ 21ರವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದಿತು. ಪತ್ರಿಕೆಗಳಿಗೆ ಕಡಿವಾಣ ಬಿದ್ದಿತು. ಅಧಿಕಾರಸ್ಥರನ್ನು ಅಣಕಿಸಿದ ಹಿಂದಿ ಚಿತ್ರ 'ಕಿಸ್ಸಾ ಕುರ್ಸೀ ಕಾ' ಜಪ್ತಿಯಾಗಿ ಅದರ ಪ್ರತಿಗಳು ಸುಟ್ಟುಹೋದವು. 'ಸಂಸ್ಕಾರ'ದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಕಾರಾಗೃಹದಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ತೆರೆಯ ಮೇಲೆ, ಯಾರೂ ಮುಟ್ಟದ ಶವಕ್ಕೆ ಸಂಸ್ಕಾರ ದೊರಕಿಸಿದ ಹೆಣ್ಣಿನ ಪಾತ್ರವನ್ನು ಅವರು ವಹಿಸಿದ್ದರೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಬಾಯಿ ಕಟ್ಟಿದ ಕಾಲದಲ್ಲಿ ಭಯ ನೇರವಾಗಿ ತೆರೆಗೆ ಬರುವುದಿಲ್ಲ. ವರ್ಷಗಳು ಕಳೆದ ಮೇಲೆ ಬೇರೆ ವೇಷದಲ್ಲಿ ಬರುತ್ತದೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಇಡೀ ದೇಶದ ಕಣ್ಣು ನಮ್ಮ ಜಿಲ್ಲೆಯ ಮೇಲಿತ್ತು. ಯಾವ ಪಕ್ಷ ಗೆದ್ದರೂ ಸೋತರೂ ಅಧಿಕಾರದ ಮೇಲಿನ ಶಂಕೆ ಜನರ ಮನಸ್ಸಿನಿಂದ ಹೋಗಿರಲಿಲ್ಲ. 1981ರ 'ಅಂತ' ಚಿತ್ರದಲ್ಲಿ ಆ ಶಂಕೆ ಸ್ಫೋಟಿಸಿತು. ರಾಜೇಂದ್ರಸಿಂಗ್ ಬಾಬು ಅವರು ನಿರ್ದೇಶಿಸಿ ಅಂಬರೀಷ್ ಅವರು ನಟಿಸಿದ ಈ ಚಿತ್ರ ಗಣ್ಯರ ಮುಖವಾಡದ ಹಿಂದಿನ ಭ್ರಷ್ಟಾಚಾರವನ್ನು ತೋರಿಸಿ ವಿವಾದಕ್ಕೆ ಗುರಿಯಾಯಿತು. ಕಾನೂನಿನ ಕಾವಲುಗಾರನೇ ಕಾನೂನಿನಿಂದ ಹೊರನಿಂತು ನ್ಯಾಯ ನೀಡುವ ಅದರ ಕಥೆಗೆ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಉತ್ಸಾಹದಷ್ಟೇ ನಿರಾಶೆಯೂ ಇತ್ತು. ನ್ಯಾಯಾಲಯದಿಂದ ಸಿಗದುದನ್ನು ಜನ ನಾಯಕನ ಮುಷ್ಟಿಯಿಂದ ಪಡೆದು ತೃಪ್ತರಾದರು. ಇಂಥ ತೃಪ್ತಿ ಪ್ರಜಾಪ್ರಭುತ್ವಕ್ಕೆ ಅಪಾಯಕಾರಿಯೆಂಬುದನ್ನು ಶಿಕ್ಷಕರಾದ ನಾವು ಮರೆಯಬಾರದು.

ಬರ ಮತ್ತು ಕಚೇರಿ

ಕಡೂರಿನ ಬಯಲಿನವರಿಗೆ ಬಹಳ ಹತ್ತಿರದ ಚಿತ್ರವೆಂದರೆ ಎಂ. ಎಸ್. ಸತ್ಯು ಅವರ 'ಬರ'. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1980ರ ದಶಕದ ಆರಂಭದಲ್ಲಿ ಬಂದ ಈ ಚಿತ್ರದಲ್ಲಿ ಅನಂತನಾಗ್ ಅವರು ಆದರ್ಶವಾದಿ ಜಿಲ್ಲಾಧಿಕಾರಿಯ ಪಾತ್ರ ವಹಿಸಿದರು. ಜನ ಹಸಿದಿದ್ದಾರೆ, ರಾಸುಗಳು ಸಾಯುತ್ತಿವೆ. ಆದರೆ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸುವುದು ರಾಜಧಾನಿಯ ರಾಜಕೀಯ ಲೆಕ್ಕಾಚಾರಕ್ಕೆ ಕಟ್ಟುಬಿದ್ದಿದೆ. ಮುಗಿಲಿನಿಂದ ಬಂದ ಬರಕ್ಕಿಂತ ಕಡತದಲ್ಲಿ ಹುಟ್ಟಿದ ಬರ ಕ್ರೂರವಾದುದೆಂಬುದನ್ನು ಚಿತ್ರ ಮನಗಾಣಿಸುತ್ತದೆ. ಬರದ ಘೋಷಣೆ, ಗೋಶಾಲೆ, ಮೇವು, ಟ್ಯಾಂಕರಿನ ನೀರು, ಬತ್ತಿದ ಕೊಳವೆಬಾವಿ ಇವುಗಳೊಡನೆ ಬಾಳಿರುವ ತೆಂಗಿನ ತೋಟದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

ಕಚೇರಿಯ ಮುಂದೆ ನಿಂತ ಸಾಮಾನ್ಯನ ಸಂಕಟವನ್ನು ಪರಾಕಾಷ್ಠೆಗೆ ಒಯ್ದ ಚಿತ್ರ ಕಾಸರವಳ್ಳಿಯವರ 'ತಬರನ ಕಥೆ'. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರಕ್ಕೆ 1986ರ ಶ್ರೇಷ್ಠ ಚಿತ್ರ ಪ್ರಶಸ್ತಿಯೂ, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಸಂದವು. ಬ್ರಿಟಿಷರ ಕಾಲದಿಂದ ನಿಷ್ಠೆಯಿಂದ ದುಡಿದ ಕೆಳದರ್ಜೆಯ ನೌಕರ ತಬರಸೆಟ್ಟಿ ನಿವೃತ್ತನಾದ ಮೇಲೆ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಅವನನ್ನು ಹಿಂಸಿಸಬೇಕೆಂದು ಬಯಸುವ ಖಳನೊಬ್ಬನೂ ಈ ಕಥೆಯಲ್ಲಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ನಿಯಮವನ್ನು ಪಾಲಿಸುತ್ತಿರುತ್ತಾನೆ. ಹೆಂಡತಿ ಸಾಯುತ್ತಾಳೆ. ತಬರನ ಬಳಿ ಉಳಿಯುವುದು ಬೀದಿಯಲ್ಲಿ ನಿಂತು ಕೂಗುವ ಶಾಪ ಮಾತ್ರ.

'ಅಂತ' ಚಿತ್ರದ ಪ್ರೇಕ್ಷಕನಿಗೆ ಹೊಡೆಯಲು ಒಬ್ಬ ಶತ್ರು ಸಿಕ್ಕಿದ್ದ. ತಬರನ ಪ್ರೇಕ್ಷಕನಿಗೆ ಅದೂ ಸಿಗುವುದಿಲ್ಲ. ಎದ್ದು ಹೊರಬರುವಾಗ ಅವನಲ್ಲಿ ಉಳಿಯುವುದು, ನಾಳೆ ನನ್ನ ಮೇಜಿನ ಮೇಲಿನ ಕಾಗದವೂ ಯಾರೋ ಒಬ್ಬ ತಬರನದಾಗಿರಬಹುದೆಂಬ ಅಳುಕು. ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಈ ಚಿತ್ರವನ್ನು ಒಮ್ಮೆಯಾದರೂ ನೋಡಬೇಕೆಂದು ಸೂಚಿಸುವುದು ಇದಕ್ಕಾಗಿಯೇ.

ಮುಳುಗುವ ಊರು

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಎದ್ದು 1960ರ ದಶಕದಲ್ಲಿ ಪೂರ್ಣಗೊಂಡಿತು. ಕೆಳಗಿನ ಬಯಲುಗಳಲ್ಲಿ ಭತ್ತವೂ ಕಬ್ಬೂ ತಲೆಯೆತ್ತಿದವು. ಮೇಲಿನ ಕಣಿವೆಯಲ್ಲಿ ಹೊಲಗದ್ದೆಗಳೂ ಹಳ್ಳಿಗಳೂ ನೀರಿನಡಿ ಸೇರಿದವು. ಮುಂದೆ 2002ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಜನರನ್ನು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿ ಮೊದಲಾದ ಕಡೆ ನೆಲೆಗೊಳಿಸಲಾಯಿತು. ಎರಡು ಸಲವೂ ಬಿಟ್ಟುಹೊರಟವರ ಮಾತು ಹೊಸ ನೆಲೆಯ ಅಂಗಳದಲ್ಲಿಯೇ ಉಳಿಯಿತು.

ಆ ಮಾತಿಗೆ ತೆರೆಯ ಮೇಲೆ ರೂಪ ಬಂದುದು ಶರಾವತಿಯ ಕಥೆಯ ಮೂಲಕ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರು ನಿರ್ದೇಶಿಸಿದ 'ದ್ವೀಪ' 2002ರಲ್ಲಿ ತೆರೆಕಂಡು ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಅಣೆಕಟ್ಟಿನ ನೀರು ಏರುತ್ತಿರುವಾಗ ಗುಡ್ಡದ ಮೇಲಿನ ಒಂದು ಕುಟುಂಬ ಊರು ಬಿಡಲೊಪ್ಪುವುದಿಲ್ಲ. ಪರಿಹಾರದ ಹಣ ಜಮೀನಿಗೆ ಸಿಗಬಹುದು; ಆ ಗುಡ್ಡದ ದೇವರಿಗೆ ಪೂಜೆ ಮಾಡುತ್ತ ಬಂದುದರಿಂದ ಊರಿನಲ್ಲಿದ್ದ ಗೌರವಕ್ಕೆ ಪರಿಹಾರ ಯಾರು ಕೊಡುತ್ತಾರೆ? ಸೌಂದರ್ಯ ಅವರು ನಟಿಸಿದ ನಾಗಿ ಆ ಮಳೆಗಾಲವಿಡೀ ಹೆಣಗಿ ಮನೆಯನ್ನು ಉಳಿಸುತ್ತಾಳೆ. ನೀರು ಇಳಿದ ಮೇಲೆ ಗಂಡ ಅದನ್ನು ದೇವರ ಕೃಪೆಯೆಂದು ಭಾವಿಸುತ್ತಾನೆಯೇ ಹೊರತು ಅವಳ ದುಡಿಮೆಯನ್ನು ಕಾಣುವುದಿಲ್ಲ. ಮುಳುಗಡೆಯ ಭಯದೊಳಗೆ ಇನ್ನೊಂದು ಮುಳುಗಡೆಯಿದೆಯೆಂದು ಈ ಮುಕ್ತಾಯ ತೋರಿಸುತ್ತದೆ. ಊರು ಉಳಿದರೂ ಅದನ್ನು ಉಳಿಸಿದ ಹೆಣ್ಣಿನ ಹೆಸರು ಉಳಿಯುವುದಿಲ್ಲ.

ಕಾಡು ಮತ್ತು ಒಕ್ಕಲಿನ ಪ್ರಶ್ನೆ ಇಪ್ಪತ್ತು ವರ್ಷಗಳ ಅನಂತರ, 2022ರ 'ಕಾಂತಾರ'ದಲ್ಲಿ, ಜನಪ್ರಿಯ ಚಿತ್ರದ ಭಾಷೆಯಲ್ಲಿ ಮರಳಿತು. ಅಲ್ಲಿ ದೈವವು ಮೈದುಂಬಿ ಬಂದು ಅರಣ್ಯಾಧಿಕಾರಿಯ ಕೈಯನ್ನೂ ಜನರ ಕೈಯನ್ನೂ ಒಂದುಗೂಡಿಸುತ್ತದೆ. ಭೂತಯ್ಯನ ಊರಿನಲ್ಲಿ ನೆರ ಮಾಡಿದ ಕೆಲಸವನ್ನು ಇಲ್ಲಿ ದೈವ ಮಾಡಿತು. ನಲವತ್ತೆಂಟು ವರ್ಷಗಳ ಅಂತರದಲ್ಲಿಯೂ ಮನುಷ್ಯರು ಕುಳಿತು ಮಾತನಾಡಿ ಬಗೆಹರಿಸಿಕೊಳ್ಳುವ ಮುಕ್ತಾಯ ನಮ್ಮ ಚಿತ್ರಗಳಿಗೆ ಅಪರೂಪವಾಗಿಯೇ ಉಳಿದಿದೆ. ನೀರಿನ ವಿಷಯದಲ್ಲೇ ನೋಡಿ: ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರು ವಾಣಿವಿಲಾಸ ಸಾಗರದತ್ತ ಹರಿಯತೊಡಗಿದೆ. ಯಾರಿಗೆ ಎಷ್ಟು ನೀರು ಎಂಬ ಪ್ರಶ್ನೆಯನ್ನು ನೆರೆಯೂ ದೈವವೂ ಬಗೆಹರಿಸಲಾರವು.

ಶಾಲೆಯ ಹೊಣೆ

ಇಷ್ಟನ್ನು ಹೇಳಿದ ಮೇಲೆ ಎಚ್ಚರಿಕೆಯ ಮಾತುಗಳೂ ಅಗತ್ಯ. ಯಶಸ್ವಿಯಾದ ಪ್ರತಿಯೊಂದು ಚಿತ್ರವೂ ಸಮಾಜದ ಅಂತರಂಗವಲ್ಲ; ಒಳ್ಳೆಯ ಹಾಡಿಗಾಗಿ, ಮೆಚ್ಚಿನ ನಟನಿಗಾಗಿ ಜನ ನೋಡುವುದೂ ಉಂಟು. ತೆರೆಯ ಮೇಲೆ ಬರುವ ಭಯ ಎಲ್ಲರ ಭಯವೂ ಅಲ್ಲ. ಚೋಮನ ಕಥೆಯನ್ನು ಚೋಮನ ಮಕ್ಕಳು ಹೇಳಲಿಲ್ಲ, ಬೇರೆಯವರು ಹೇಳಿದರು. ಕ್ಯಾಮರಾ ಯಾರ ಕೈಯಲ್ಲಿತ್ತೆಂಬುದನ್ನು ಕೇಳದೆ ಚಿತ್ರವನ್ನು ಚರಿತ್ರೆಯ ಆಧಾರವಾಗಿ ಬಳಸಬಾರದು. ತೆರೆಗೆ ಬಾರದೆ ಉಳಿದ ಭಯಗಳ ಪಟ್ಟಿ ಬಂದವುಗಳಿಗಿಂತ ದೊಡ್ಡದೇ ಇದ್ದೀತು.

ಹಾಗಾದರೆ ಸಾಂತ್ವನ ನೀಡುವ ಚಿತ್ರ ಕೀಳು, ನೀಡದ ಚಿತ್ರ ಮೇಲು ಎಂದು ತೀರ್ಮಾನಿಸಬೇಕೆ? ಬೇಡ. ರಾಜೀವನ ದುಡಿಮೆಯನ್ನು ಕಂಡು ಗುದ್ದಲಿ ಹಿಡಿದವನಿಗೆ ಆ ಚಿತ್ರ ಧೈರ್ಯ ಕೊಟ್ಟಿತು, ಧೈರ್ಯವಿಲ್ಲದೆ ಬಾಳಲಾಗದು. ತಬರನನ್ನು ಕಂಡು ನಿದ್ರೆಗೆಟ್ಟವನಿಗೆ ಆ ಚಿತ್ರ ಎಚ್ಚರ ಕೊಟ್ಟಿತು. ಎಚ್ಚರವಿಲ್ಲದೆ ಸಮಾಜ ತಿದ್ದಲಾಗದು. ಅಪಾಯವಿರುವುದು, ಎಲ್ಲರೂ ಸೇರಿ ಹೊರಬೇಕಾದ ಹೊಣೆಯನ್ನು ಒಬ್ಬ ನಾಯಕನ ಹೆಗಲಿಗೇರಿಸಿ ನಿಶ್ಚಿಂತೆಯಿಂದ ಮನೆಗೆ ಹೋಗುವ ಅಭ್ಯಾಸದಲ್ಲಿ.

ಇಂದು ಟೆಂಟುಗಳಿಲ್ಲ. ಪ್ರತಿಯೊಬ್ಬನೂ ಅಂಗೈಯಗಲದ ತೆರೆಯ ಮೇಲೆ ಒಂಟಿಯಾಗಿ ಚಿತ್ರ ನೋಡುತ್ತಾನೆ. ರೀಲು ಬದಲಿಸುವ ವಿರಾಮವೂ ಇಲ್ಲ, ದಾರಿಯುದ್ದಕ್ಕೂ ನಡೆಯುತ್ತಿದ್ದ ಚರ್ಚೆಯೂ ಇಲ್ಲ. ಭಯ ಮಾತ್ರ ಹಿಂದಿಗಿಂತ ವೇಗವಾಗಿ ಹರಡುತ್ತದೆ. ಆದುದರಿಂದ ಆ ಚರ್ಚೆಗೆ ಎಡೆ ಮಾಡಿಕೊಡುವ ಹೊಣೆ ಈಗ ಶಾಲೆಗಳ ಮೇಲೆ ಬಿದ್ದಿದೆ. ಅಜ್ಜಂಪುರಕ್ಕೆ ಸಮೀಪದ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರ ತಿರುಗಾಟದ ನಾಟಕಗಳು, ಹಳ್ಳಿಯ ಜನ ಗಂಭೀರ ವಸ್ತುವನ್ನು ಒಟ್ಟಿಗೆ ಕುಳಿತು ನೋಡಬಲ್ಲರೆಂಬುದಕ್ಕೆ ನಿದರ್ಶನವಾಗಿವೆ. ವರ್ಷಕ್ಕೆ ನಾಲ್ಕು ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಒಳ್ಳೆಯ ಕನ್ನಡ ಚಿತ್ರವೊಂದನ್ನು ತೋರಿಸಿ, ಮಕ್ಕಳಿಗೆ ಮೂರೇ ಪ್ರಶ್ನೆ ಕೇಳಿದರೆ ಸಾಕು. ಇಲ್ಲಿ ಯಾರು ಯಾವುದಕ್ಕೆ ಅಂಜಿದ್ದಾರೆ? ಆ ಅಂಜಿಕೆಯನ್ನು ಕೊನೆಗೆ ಯಾರು ಕಳೆದರು? ಅದಕ್ಕೆ ಬೆಲೆ ತೆತ್ತವರು ಯಾರು?

ಪ್ರಕ್ಷೇಪಕ ಯಂತ್ರವೊಂದನ್ನೂ ಕೆಲವು ಚಿತ್ರಗಳನ್ನೂ ಒದಗಿಸುವುದು ದಾನಿಗಳಿಗೆ ಭಾರವಾಗದು. ಚರ್ಚೆ ನಡೆಸಲು ಹಳೆಯ ವಿದ್ಯಾರ್ಥಿಗಳಲ್ಲಿ ಸಮರ್ಥರಿಗೆ ಕೊರತೆಯಿಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತ ಹುಡುಗ ಹುಡುಗಿಯರು ಮುಂದೆ ಕಂದಾಯದ ಕಚೇರಿಯಲ್ಲಿ, ಪಂಚಾಯಿತಿಯ ಕಟ್ಟೆಯಲ್ಲಿ, ನೀರು ಹಂಚುವ ಸಭೆಯಲ್ಲಿ ಕುಳಿತಾಗಲೂ ಅವನ್ನೇ ಕೇಳುತ್ತಾರೆ. ನೆರೆಗೂ ದೈವಕ್ಕೂ ಕಾಯದೆ ಅಯ್ಯುವೂ ಗುಳ್ಳನೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಮುಕ್ತಾಯವನ್ನು ಅವರು ಬರೆಯಲಿ ಎಂಬುದೇ ನಮ್ಮ ಹಾರೈಕೆ.